ಹಳೆಯ ಕಾಟಾ ಪ್ರೋಗ್ರಾಮಿನಿಂದ ಹೊಸ ಜಾವಾ ಸರ್ವರಿಗೆ: ಮೆಸೇಜ್ ಕ್ಯೂ ಮೂಲಕ ಜೋಡಿಸುವ ಹಂತಗಳು

ಗಂಗಾವತಿ, ಕಾರಟಗಿ, ಸಿಂಧನೂರು, ರಾಯಚೂರು ಕಡೆಯ ಓದುಗರಿಂದ ಬರುವ ಪ್ರಶ್ನೆಗಳು ಮಾತಿನಲ್ಲಿ ಬೇರೆಬೇರೆಯಾಗಿದ್ದರೂ ತಿರುಳಿನಲ್ಲಿ ಒಂದೇ ಆಗಿರುತ್ತವೆ. ಅಕ್ಕಿ ಗಿರಣಿಯ ವೇಬ್ರಿಜ್ ಕೋಣೆಯಲ್ಲಿ ಇಪ್ಪತ್ತು ವರ್ಷ ಹಳೆಯ ಫಾಕ್ಸ್‌ಪ್ರೊ ಪ್ರೋಗ್ರಾಂ ಇನ್ನೂ ಕಾಟಾ ಚೀಟಿ ಮುದ್ರಿಸುತ್ತಿದೆ. ಅದನ್ನು ಬರೆದವರು ಈಗ ಸಿಗುವುದಿಲ್ಲ. ಗುಮಾಸ್ತರ ಕೈಗೆ ಅದು ಎಷ್ಟು ಒಗ್ಗಿದೆಯೆಂದರೆ ಬದಲಾಯಿಸುವ ಮಾತೆತ್ತಿದರೆ ಯಾರೂ ಒಪ್ಪುವುದಿಲ್ಲ. ಇನ್ನೊಂದು ಕಡೆ ಮಾಲೀಕರು ಲೆಕ್ಕಪತ್ರ, ದಾಸ್ತಾನು ಮತ್ತು ಪಾವತಿಗೆ ಜಾವಾದಲ್ಲಿ ಹೊಸ ತಂತ್ರಾಂಶ ಮಾಡಿಸಿದ್ದಾರೆ. ಸಂಜೆಯಾದರೆ ಒಬ್ಬರು ಕುಳಿತು ಚೀಟಿಗಳನ್ನು ಒಂದೊಂದಾಗಿ ಹೊಸ ತಂತ್ರಾಂಶಕ್ಕೆ ಟೈಪ್ ಮಾಡುತ್ತಾರೆ. ಈ ಕೈಕೆಲಸವನ್ನು ತಪ್ಪಿಸುವುದು ಹೇಗೆ ಎಂಬುದೇ ಪ್ರಶ್ನೆ.

ಹಳೆಯ ಪ್ರೋಗ್ರಾಮನ್ನು ಆದಷ್ಟು ಮುಟ್ಟದೆ, ನಡುವೆ ಒಂದು ಮೆಸೇಜ್ ಕ್ಯೂ ಇಟ್ಟು, ಅದರ ಇನ್ನೊಂದು ತುದಿಯಲ್ಲಿ ಜಾವಾ ಸರ್ವರಿನ ಮೆಸೇಜ್ ಡ್ರಿವನ್ ಬೀನ್ ಕೂರಿಸುವ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ. ಹತ್ತಿ ಜಿನ್ನಿಂಗ್ ಘಟಕವಾಗಲಿ, ದಲ್ಲಾಳಿ ಅಂಗಡಿಯಾಗಲಿ, ದೊಡ್ಡ ಕಾರ್ಖಾನೆಯ ಮೇನ್‌ಫ್ರೇಮ್ ಆಗಲಿ, ಹಂತಗಳು ಹೆಚ್ಚೂಕಡಿಮೆ ಇವೇ.

ಮೊದಲು ನಾಲ್ಕು ಪದಗಳು. ಮೆಸೇಜ್ ಕ್ಯೂ ಎಂದರೆ ಸಂದೇಶಗಳ ಸರತಿ ಸಾಲು: ಕಳಿಸುವವರು ಒಂದು ತುದಿಯಲ್ಲಿ ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ, ಪಡೆಯುವವರು ಬಿಡುವಾದಾಗ ಇನ್ನೊಂದು ತುದಿಯಿಂದ ತೆಗೆದುಕೊಳ್ಳುತ್ತಾರೆ, ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಿರಬೇಕಿಲ್ಲ. ಆ ಸಾಲನ್ನು ಕಾಯುವ ಸರ್ವರಿಗೆ ಬ್ರೋಕರ್ ಎನ್ನುತ್ತಾರೆ. ಎಪಿಎಂಸಿ ಯಾರ್ಡಿನ ದಲ್ಲಾಳಿಗೂ ಈತನಿಗೂ ಹೆಸರು ಮಾತ್ರ ಒಂದೇ. ಈತ ಬೆಲೆ ಕಟ್ಟುವುದಿಲ್ಲ, ಕಮಿಷನ್ ಮುರಿದುಕೊಳ್ಳುವುದಿಲ್ಲ, ಚೀಲ ಬಿಚ್ಚಿಯೂ ನೋಡುವುದಿಲ್ಲ. ಜೆಎಂಎಸ್ ಎಂಬುದು ಜಾವಾ ಪ್ರೋಗ್ರಾಮುಗಳು ಯಾವುದೇ ಬ್ರೋಕರ್ ಜೊತೆ ಒಂದೇ ರೀತಿಯಲ್ಲಿ ಮಾತಾಡಲು 1998ರಿಂದ ಇರುವ ಪ್ರಮಾಣಿತ ಇಂಟರ್‌ಫೇಸ್. ಈಗ ಅದರ ಅಧಿಕೃತ ಹೆಸರು ಜಕಾರ್ತಾ ಮೆಸೇಜಿಂಗ್. ಮೆಸೇಜ್ ಡ್ರಿವನ್ ಬೀನ್ ಎಂಬುದು ಇಜೆಬಿ ಎಂಬ ಜಾವಾ ಸರ್ವರ್ ಘಟಕಗಳ ನಿಯಮಾವಳಿಯ 2001ರ 2.0 ಆವೃತ್ತಿಯಲ್ಲಿ ಬಂದ ಘಟಕ: ಇದನ್ನು ಬೇರೆ ಯಾವ ಕೋಡೂ ನೇರವಾಗಿ ಕರೆಯುವಂತಿಲ್ಲ, ಕ್ಯೂಗೆ ಸಂದೇಶ ಬಂದಾಗ ಸರ್ವರೇ ಇದರ ಆನ್‌ಮೆಸೇಜ್ ವಿಧಾನವನ್ನು ಕರೆಯುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಗಿರಣಿಯ ಒಳಜಾಲದಲ್ಲಿ ಯುಪಿಎಸ್ ಇರುವ ಒಂದು ಲಿನಕ್ಸ್ ಯಂತ್ರ, ಆಕ್ಟಿವ್‌ಎಂಕ್ಯೂ ಆರ್ಟೆಮಿಸ್ ಬ್ರೋಕರ್, ವೈಲ್ಡ್‌ಫ್ಲೈಯಂಥ ಒಂದು ಜಕಾರ್ತಾ ಇಇ ಸರ್ವರ್ (ಬೀನ್‌ಗಳನ್ನು ಓಡಿಸುವ ಜಾವಾ ಸರ್ವರ್), ಪೋಸ್ಟ್‌ಗ್ರೆಸ್ ಅಥವಾ ಅದಕ್ಕೆ ಸಮನಾದ ಡೇಟಾಬೇಸ್, ಮತ್ತು ಗುಮಾಸ್ತರ ಪಕ್ಕದಲ್ಲಿ ಎರಡು ದಿನ ಕುಳಿತು ನೋಡುವ ತಾಳ್ಮೆ. ಇವುಗಳಲ್ಲಿ ಕೊನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

1. ಹಳೆಯ ವ್ಯವಸ್ಥೆಯಲ್ಲಿ ಚೀಟಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿಕೊಳ್ಳಿ

ಫಾಕ್ಸ್‌ಪ್ರೊ ತನ್ನ ಮಾಹಿತಿಯನ್ನು ಡಿಬಿಎಫ್ ಎಂಬ ಕಡತಗಳಲ್ಲಿ ಇಡುತ್ತದೆ. ಆ ಕಡತವನ್ನು ತೆರೆದು ಕಾಲಂಗಳ ಹೆಸರು ನೋಡಿದ ಮಾತ್ರಕ್ಕೆ ವ್ಯವಸ್ಥೆ ಅರ್ಥವಾಯಿತೆಂದು ತಿಳಿಯಬೇಡಿ. ಟ್ರ್ಯಾಕ್ಟರ್ ಬಂದಾಗ ಭರ್ತಿ ತೂಕ, ಮಾಲು ಇಳಿಸಿದ ಮೇಲೆ ಖಾಲಿ ತೂಕ ಎಂದು ಒಂದು ಚೀಟಿಗೆ ಎರಡು ಸಲ ಕಾಟಾ ಆಗುತ್ತದೆ. ಅಂದರೆ ಡಿಬಿಎಫ್‌ನಲ್ಲಿ ದಾಖಲೆ ಕಾಣಿಸಿಕೊಂಡ ಕ್ಷಣಕ್ಕೆ ಚೀಟಿ ಮುಗಿದಿರುವುದಿಲ್ಲ. ಎರಡನೆಯ ತೂಕ ಬಿದ್ದ ಮೇಲೆ ಮಾತ್ರ ಅದು ಕಳಿಸಲು ಯೋಗ್ಯವಾಗುತ್ತದೆ. ಲಾರಿ ನಂಬರ್ ತಪ್ಪಾಗಿದ್ದರೆ ಗುಮಾಸ್ತರು ಮಧ್ಯಾಹ್ನ ತಿದ್ದುತ್ತಾರೆ, ಕೆಲವೊಮ್ಮೆ ಚೀಟಿಯನ್ನೇ ರದ್ದು ಮಾಡುತ್ತಾರೆ. ಪೂರ್ಣಗೊಂಡದ್ದು, ತಿದ್ದಿದ್ದು, ರದ್ದಾದದ್ದು ಎಂಬ ಈ ಮೂರು ಘಟನೆಗಳನ್ನೂ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ದಾಖಲೆಯ ಕ್ರಮಸಂಖ್ಯೆ. ಡಿಬಿಎಫ್‌ನಲ್ಲಿ ಅಳಿಸಿದ ದಾಖಲೆ ತಕ್ಷಣ ಹೋಗುವುದಿಲ್ಲ. ಅದರ ಮೊದಲ ಬೈಟಿನಲ್ಲಿ ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ಮುಂದೆ ಯಾರಾದರೂ ಪ್ಯಾಕ್ ಆದೇಶ ಕೊಟ್ಟಾಗ ಅಳಿಸಿದವೆಲ್ಲ ಹೋಗಿ, ಉಳಿದವುಗಳ ಕ್ರಮಸಂಖ್ಯೆ ಬದಲಾಗುತ್ತದೆ. ಕ್ರಮಸಂಖ್ಯೆಯನ್ನೇ ಗುರುತಾಗಿ ಬಳಸಿದ್ದರೆ ಆ ದಿನದಿಂದ ನಿಮ್ಮ ಲೆಕ್ಕವೆಲ್ಲ ಅಡಿಮೇಲು. ಎರಡನೆಯದು ಚೀಟಿ ಸಂಖ್ಯೆ. ಬಹುತೇಕ ಕಡೆ ಅದು ಏಪ್ರಿಲ್ 1ಕ್ಕೆ ಮತ್ತೆ ಒಂದರಿಂದ ಆರಂಭವಾಗುತ್ತದೆ. ಆದ್ದರಿಂದ ಕಾಟಾದ ಸಂಕೇತ, ಆರ್ಥಿಕ ವರ್ಷ, ಚೀಟಿ ಸಂಖ್ಯೆ ಈ ಮೂರನ್ನೂ ಸೇರಿಸಿ ಒಂದು ಗುರುತನ್ನು ಮಾಡಿಕೊಳ್ಳಿ. ತಿದ್ದುಪಡಿಗಾಗಿ ಪ್ರತ್ಯೇಕವಾಗಿ ಒಂದು ಆವೃತ್ತಿ ಸಂಖ್ಯೆ ಇರಲಿ. ಈ ಗುರುತನ್ನು ಮುಂದಿನ ಪ್ರತಿ ಹಂತದಲ್ಲಿಯೂ ಬಳಸಲಿದ್ದೇವೆ.

2. ಸಂದೇಶದ ರೂಪವನ್ನು ನಿರ್ಧರಿಸಿ

ಜೆಎಂಎಸ್‌ನಲ್ಲಿ ಹಲವು ಬಗೆಯ ಸಂದೇಶಗಳಿವೆ. ಅವುಗಳಲ್ಲಿ ಜಾವಾ ವಸ್ತುವನ್ನೇ ಇಡಿಯಾಗಿ ಕಳಿಸುವ ಆಬ್ಜೆಕ್ಟ್ ಮೆಸೇಜ್ ಬಹಳ ಸುಲಭವೆಂದು ತೋರುತ್ತದೆ, ಅದನ್ನು ಬಳಸಬೇಡಿ. ಎರಡೂ ತುದಿಯಲ್ಲಿ ಒಂದೇ ಕ್ಲಾಸಿನ ಒಂದೇ ಆವೃತ್ತಿ ಇರಬೇಕಾಗುತ್ತದೆ, ಮೇಲಾಗಿ ಹೊರಗಿನಿಂದ ಬಂದ ಜಾವಾ ವಸ್ತುವನ್ನು ಬಿಚ್ಚುವುದು ಭದ್ರತೆಯ ದೃಷ್ಟಿಯಿಂದ ಅಪಾಯಕರ. ಟೆಕ್ಸ್ಟ್ ಮೆಸೇಜ್ ಒಳಗೆ ಜೇಸನ್ ಅಥವಾ ಎಕ್ಸ್‌ಎಂಎಲ್ ಇಡಿ. ಹತ್ತು ವರ್ಷದ ನಂತರ ನಿಮ್ಮ ಜಾಗಕ್ಕೆ ಬರುವವರು ಅದನ್ನು ಕಣ್ಣಿನಿಂದಲೇ ಓದಿಕೊಳ್ಳಬಹುದು.

ತೂಕದ ಘಟಕವನ್ನು ಸಂದೇಶದಲ್ಲಿಯೇ ಸ್ಪಷ್ಟವಾಗಿ ಬರೆಯಿರಿ. ನಮ್ಮ ಕಡೆ ಭತ್ತದ ವ್ಯವಹಾರ 75 ಕಿಲೋ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿರುತ್ತದೆ. ಕಾಟಾ ಯಂತ್ರ ಕಿಲೋ ಕೊಡುತ್ತದೆ. ಹಳೆಯ ಪ್ರೋಗ್ರಾಮಿನ ‘ಪ್ರಮಾಣ’ ಎಂಬ ಕಾಲಂನಲ್ಲಿ 100 ಎಂದಿದ್ದರೆ ಅದು 100 ಚೀಲ, ಅಂದರೆ 7,500 ಕಿಲೋ ಇರಬಹುದು, ಇಲ್ಲವೇ 100 ಕ್ವಿಂಟಲ್, ಅಂದರೆ 10,000 ಕಿಲೋ ಇರಬಹುದು. ಸಂದೇಶದಲ್ಲಿ ಯಾವಾಗಲೂ ಕಿಲೋ, ಅದೂ ಪೂರ್ಣಾಂಕದಲ್ಲಿ. ಹಣ ಯಾವಾಗಲೂ ಪೈಸೆಯಲ್ಲಿ, ಅದೂ ಪೂರ್ಣಾಂಕದಲ್ಲಿ ಎಂಬ ನಿಯಮ ಮಾಡಿಕೊಳ್ಳಿ. ಹಣಕ್ಕೆ ಡಬಲ್ ಎಂಬ ದಶಮಾಂಶ ಬಗೆಯನ್ನು ಬಳಸಿದರೆ ಪೈಸೆಗಳು ಸೋರುತ್ತವೆ, ತಿಂಗಳ ಕೊನೆಗೆ ಲೆಕ್ಕ ಕೂಡುವುದಿಲ್ಲ.

ಇನ್ನು ಅಕ್ಷರಗಳ ವಿಷಯ. ಇದರ ಬಗ್ಗೆ ಇಂಗ್ಲಿಷ್ ಕೈಪಿಡಿಗಳು ಏನನ್ನೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರೈತರ ಹೆಸರು, ಊರಿನ ಹೆಸರುಗಳನ್ನು ಕನ್ನಡದಲ್ಲಿ ಇಟ್ಟಿರುವ ಹಳೆಯ ವಿಷುವಲ್ ಫಾಕ್ಸ್‌ಪ್ರೊ ಪ್ರೋಗ್ರಾಮುಗಳಲ್ಲಿ ಅವು ಯೂನಿಕೋಡ್‌ನಲ್ಲಿರುವುದಿಲ್ಲ; ನುಡಿ ಅಥವಾ ಹಳೆಯ ಬರಹ ಫಾಂಟುಗಳ ಸಂಕೇತದಲ್ಲಿರುತ್ತವೆ. ಅಲ್ಲಿ ಸಂಗ್ರಹವಾಗುವುದು ಅಕ್ಷರವಲ್ಲ, ತೆರೆಯ ಮೇಲೆ ಕಾಣುವ ತುಣುಕು. ‘ತುರ್ವಿಹಾಳ’ ಎಂಬ ಊರಿನ ಹೆಸರಿನಲ್ಲಿರುವ ಅರ್ಕಾವೊತ್ತು ನುಡಿಯಲ್ಲಿ ‘ವಿ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಅದಕ್ಕಿಂತ ಮೊದಲು ಬರುತ್ತದೆ. ಹೀಗಾಗಿ ಒಂದು ಸಂಕೇತಕ್ಕೆ ಒಂದು ಅಕ್ಷರ ಎಂದು ಬದಲಿಸುತ್ತ ಹೋದರೆ ಕೆಲಸ ಆಗುವುದಿಲ್ಲ. ಸ್ಥಾನಪಲ್ಲಟವನ್ನು ಬಲ್ಲ ಪರಿವರ್ತಕ ಬೇಕು. ಆ ಪರಿವರ್ತನೆ ಹಳೆಯ ಕಡೆಯ ಅಡಾಪ್ಟರ್‌ನಲ್ಲಿಯೇ (ಹಳೆಯ ಮಾಹಿತಿಯನ್ನು ಓದಿ ಕ್ಯೂಗೆ ಹಾಕುವ ಪ್ರೋಗ್ರಾಂ, ಹಂತ 4 ನೋಡಿ) ನಡೆದುಹೋಗಲಿ, ಕ್ಯೂಗೆ ಬರುವ ಸಂದೇಶದಲ್ಲಿ ಯೂನಿಕೋಡ್‌ನ ರೂಢಿಯ ಬೈಟು ರೂಪವಾದ ಶುದ್ಧ ಯುಟಿಎಫ್-8 ಮಾತ್ರ ಇರಲಿ.

ಡಿಬಿಎಫ್‌ನ ಬೈಟುಗಳನ್ನು ಜಾವಾದಲ್ಲಿ ಓದುವಾಗ ಯಾವ ಸಂಕೇತದಲ್ಲಿ ಓದಬೇಕೆಂಬುದನ್ನು ಬಾಯಿ ಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಹಳೆಯ ಜಾವಾ ಆಪರೇಟಿಂಗ್ ಸಿಸ್ಟಮ್ಮಿನ ಸಂಕೇತವನ್ನು ಹಿಡಿಯುತ್ತದೆ, ಜಾವಾ 18ರಿಂದ ಈಚೆಗೆ ಯುಟಿಎಫ್-8 ಹಿಡಿಯುತ್ತದೆ. ಜಾವಾ 8ರಲ್ಲಿ ಸರಿಯಾಗಿದ್ದ ಅಡಾಪ್ಟರ್ ಜಾವಾ 21ಕ್ಕೆ ಬದಲಾಯಿಸಿದ ದಿನವೇ ಹೆಸರುಗಳನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆಗಳನ್ನಾಗಿ ಮಾಡುವುದು ಇದರಿಂದಲೇ. ಹಾಗೆ ಕೆಟ್ಟ ಹೆಸರನ್ನು ಮತ್ತೆ ಮೂಲಕ್ಕೆ ತರಲಾಗದು. ನುಡಿ ಮಾಹಿತಿಯನ್ನು ಐಎಸ್ಒ-8859-1 ಎಂದು ಓದಿದರೆ ಒಂದು ಬೈಟೂ ಕಳೆಯುವುದಿಲ್ಲ. ಪರಿವರ್ತಕಕ್ಕೆ ಅದನ್ನು ಕೊಡಿ, ಪರಿವರ್ತಕ ಯಾವ ಸಂಕೇತವನ್ನು ನಿರೀಕ್ಷಿಸುತ್ತದೆ ಎಂಬುದನ್ನೂ ಪರೀಕ್ಷಿಸಿಕೊಳ್ಳಿ. ಇಷ್ಟೆಲ್ಲ ಮಾಡಿದ ಮೇಲೂ ರೈತರ ಹೆಸರನ್ನು ಗುರುತಾಗಿ ಬಳಸಬೇಡಿ: ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಜೋಡಣಾ ಚಿಹ್ನೆಗಳಿರುವುದರಿಂದ ನೋಡಲು ಒಂದೇ ಆಗಿರುವ ಎರಡು ಹೆಸರುಗಳು ಕಂಪ್ಯೂಟರಿಗೆ ಬೇರೆಬೇರೆ ಆಗಿರಬಲ್ಲವು.

ದೊಡ್ಡ ಕಾರ್ಖಾನೆಗಳಲ್ಲಿ ಮೇನ್‌ಫ್ರೇಮ್ ಜೊತೆ ಕೆಲಸ ಮಾಡುವ ಓದುಗರಿಗೆ ಇದೇ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ಅಲ್ಲಿ ಅಕ್ಷರಗಳು ಎಬ್ಸಿಡಿಕ್ ಸಂಕೇತದಲ್ಲಿಯೂ, ಸಂಖ್ಯೆಗಳು ಒಂದು ಬೈಟಿಗೆ ಎರಡು ಅಂಕಿಗಳಂತೆ ಒತ್ತಿಟ್ಟ ಕೋಬಾಲ್ ರೂಪದಲ್ಲಿಯೂ ಇರುತ್ತವೆ. ಇಡೀ ಸಂದೇಶವನ್ನು ಪಠ್ಯವೆಂದು ತಿಳಿದು ಪರಿವರ್ತಿಸಿದರೆ ಅಕ್ಷರ ಸರಿಯಾಗುತ್ತದೆ, ಸಂಖ್ಯೆ ಹಾಳಾಗುತ್ತದೆ. ಅಂಥಲ್ಲಿ ಬೈಟ್ಸ್ ಮೆಸೇಜ್ ಬಳಸಿ, ಒಂದೊಂದು ಕಾಲಂನ್ನೂ ಅದರ ಬಗೆಗೆ ತಕ್ಕಂತೆ ಬಿಚ್ಚಬೇಕು.

3. ಬ್ರೋಕರ್ ಅನ್ನು ಗಿರಣಿಯ ಒಳಗೇ ಇಡಿ

ಊರಾಚೆಯ ಗಿರಣಿಯಿಂದ ಪೇಟೆಯ ಆಫೀಸಿಗೆ ಇರುವ ಇಂಟರ್ನೆಟ್ ಸಂಪರ್ಕ ದಿನಕ್ಕೆ ಎರಡು ಸಲವಾದರೂ ಹೋಗುತ್ತದೆ ಎಂದೇ ಎಣಿಸಿ ವಿನ್ಯಾಸ ಮಾಡಿ. ಬ್ರೋಕರ್ ಆಫೀಸಿನಲ್ಲಿದ್ದರೆ ಸಂಪರ್ಕ ಹೋದಾಗಲೆಲ್ಲ ಕಳಿಸುವ ಕಡೆಯೇ ನಿಲ್ಲುತ್ತದೆ. ಬ್ರೋಕರ್ ಗಿರಣಿಯಲ್ಲೇ ಇದ್ದು, ಅಲ್ಲಿಂದ ಆಫೀಸಿನ ಬ್ರೋಕರಿಗೆ ಆರ್ಟೆಮಿಸ್‌ನ ಬ್ರಿಜ್ ಸೌಲಭ್ಯದ ಮೂಲಕ ಸಂದೇಶ ದಾಟಿಸಿದರೆ, ಸಂಪರ್ಕ ಬಂದಾಗ ತಡೆದು ನಿಂತವೆಲ್ಲ ತಾವಾಗಿ ಹೋಗುತ್ತವೆ.

ಜೆಎಂಎಸ್‌ನಲ್ಲಿ ಸಂದೇಶಗಳು ಮೂಲತಃ ಪರ್ಸಿಸ್ಟೆಂಟ್, ಅಂದರೆ ಡಿಸ್ಕಿಗೆ ಬರೆದಿಡುವಂಥವು. ವೇಗ ಸಿಗುತ್ತದೆಂದು ಇದನ್ನು ಬದಲಾಯಿಸಬೇಡಿ, ಡಿಸ್ಕಿಗೆ ಪೂರ್ತಿ ಬರೆದಾದ ಮೇಲೆಯೇ ಮುಂದುವರಿಯುವ ಸೆಟ್ಟಿಂಗ್‌ನ್ನು ಆಫ್ ಮಾಡಬೇಡಿ. ಸುಗ್ಗಿಯ ದಿನದಲ್ಲೂ ಒಂದು ಕಾಟಾದಿಂದ ಬರುವ ಚೀಟಿಗಳ ಸಂಖ್ಯೆಗೆ ಆ ವೇಗ ಬೇಕಾಗುವುದೇ ಇಲ್ಲ. ಡಿಸ್ಕ್ 90 ಪ್ರತಿಶತ ತುಂಬಿದರೆ ಆರ್ಟೆಮಿಸ್ ಹೊಸ ಸಂದೇಶಗಳನ್ನು ತಡೆಹಿಡಿಯುತ್ತದೆ. ಯಾರೋ ಸಿಸಿಟಿವಿ ದೃಶ್ಯಗಳನ್ನು ಅದೇ ಡಿಸ್ಕಿನಲ್ಲಿ ತುಂಬಿದ್ದರಿಂದ ಕಾಟಾ ಸಂದೇಶಗಳು ನಿಂತದ್ದನ್ನು ನಾನು ಕಂಡಿದ್ದೇನೆ. ಬ್ರೋಕರಿಗೆ ಪ್ರತ್ಯೇಕ ವಿಭಾಗ ಕೊಡಿ. ಸಂದೇಶ ಹರಿಯುವ 61616 ಮತ್ತು ಆಡಳಿತ ಪುಟದ 8161 ಪೋರ್ಟುಗಳನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ನಿಮ್ಮಲ್ಲಿ ಐಬಿಎಂ ಎಂಕ್ಯೂ ಎಂಬ ಬ್ರೋಕರ್ ಮೊದಲೇ ಇದ್ದರೆ ಅದನ್ನೇ ಬಳಸಿ. ಅದರ ರೂಢಿಯ ಪೋರ್ಟ್ 1414, ಸಂದೇಶದ ಗಾತ್ರ ಬದಲಾಯಿಸದಿದ್ದರೆ 4 ಎಂಬಿಗೆ ಸೀಮಿತ ಎಂಬುದು ನೆನಪಿರಲಿ.

4. ಹಳೆಯ ಕಡೆಯ ಅಡಾಪ್ಟರ್ ಬರೆಯಿರಿ

ಅಡಾಪ್ಟರ್ ಎಂದರೆ ಹಳೆಯ ಪ್ರೋಗ್ರಾಮಿನ ಮಾಹಿತಿಯನ್ನು ಓದಿ ಕ್ಯೂಗೆ ಹಾಕುವ ಚಿಕ್ಕ ಜಾವಾ ಪ್ರೋಗ್ರಾಂ. ಮೂಲ ಕೋಡ್ ಸಿಗುವ ಅದೃಷ್ಟವಿದ್ದರೆ, ಚೀಟಿ ಪೂರ್ಣಗೊಂಡಾಗ ಒಂದು ಪಠ್ಯ ಕಡತವನ್ನು ನಿರ್ದಿಷ್ಟ ಫೋಲ್ಡರಿನಲ್ಲಿ ಬರೆಯುವಂತೆ ಫಾಕ್ಸ್‌ಪ್ರೊದಲ್ಲಿ ಕೆಲವೇ ಸಾಲು ಸೇರಿಸಿದರೆ ಸಾಕು. ಆಗ ಕಡತವನ್ನು ಬೇರೊಂದು ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಅಂತಿಮ ಹೆಸರಿಗೆ ಬದಲಾಯಿಸಬೇಕು. ಇಲ್ಲದಿದ್ದರೆ ಅರ್ಧ ಬರೆದ ಕಡತವನ್ನು ಅಡಾಪ್ಟರ್ ಓದಿಬಿಡುತ್ತದೆ.

ಮೂಲ ಕೋಡ್ ಇಲ್ಲದಿದ್ದರೆ ಡಿಬಿಎಫ್‌ನ್ನೇ ನಿಗದಿತ ಅವಧಿಗೊಮ್ಮೆ ಓದಬೇಕು. ಓದುವ ಹಕ್ಕು ಮಾತ್ರ ಇರುವ ಖಾತೆಯಿಂದ, ಹಂಚಿಕೆಯ ರೀತಿಯಲ್ಲಿ ತೆರೆದು, ಬೇಗ ಮುಚ್ಚಿಬಿಡಿ. ನಿಮ್ಮ ಅಡಾಪ್ಟರ್ ಕಡತಕ್ಕೆ ಬೀಗ ಹಾಕಿಕೊಂಡು ಕುಳಿತರೆ ಗುಮಾಸ್ತರ ತೆರೆಯ ಮೇಲೆ ಕಡತ ಬಳಕೆಯಲ್ಲಿದೆ ಎಂಬ ದೋಷ ಬರುತ್ತದೆ, ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ, ಮರುದಿನ ನಿಮ್ಮ ಅಡಾಪ್ಟರಿನ ತಂತಿಯನ್ನು ಯಾರಾದರೂ ಕಿತ್ತಿರುತ್ತಾರೆ. ಅದು ನ್ಯಾಯವೇ.

ಕಾಟಾ ಕೋಣೆಯ ಯಂತ್ರ ವಿಂಡೋಸ್ ಎಕ್ಸ್‌ಪಿಯಾಗಿದ್ದರೆ ಅದರ ಮೇಲೆ ಈಗಿನ ಜಾವಾ ಓಡುವುದಿಲ್ಲ. ಅಡಾಪ್ಟರ್ ಲಿನಕ್ಸ್ ಯಂತ್ರದಲ್ಲಿದ್ದು ಜಾಲದ ಮೂಲಕ ಫೋಲ್ಡರನ್ನು ಓದಬೇಕಾಗುತ್ತದೆ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ ಎಂಬ ಕಡತ ಹಂಚಿಕೆಯ ಮೊದಲ ಆವೃತ್ತಿ ಮಾತ್ರ. 2017ರಲ್ಲಿ ಹಬ್ಬಿದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ಇದೇ ಬಾಗಿಲಿನಿಂದ. ಆ ಎರಡು ಯಂತ್ರಗಳ ನಡುವಿನ ಜಾಲವನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿಯೇ ಇದನ್ನು ಮಾಡಿ.

ಯಾವ ಚೀಟಿಯ ಯಾವ ಆವೃತ್ತಿಯನ್ನು ಕಳಿಸಿಯಾಯಿತು ಎಂಬ ಖಾತೆಯನ್ನು ಅಡಾಪ್ಟರ್ ತನ್ನದೇ ಚಿಕ್ಕ ಡೇಟಾಬೇಸಿನಲ್ಲಿ ಇಟ್ಟುಕೊಳ್ಳಬೇಕು. ಈಗ ಒಂದು ಪ್ರಶ್ನೆ: ಖಾತೆಯಲ್ಲಿ ಗುರುತು ಹಾಕಿ ಆಮೇಲೆ ಕಳಿಸಬೇಕೋ, ಕಳಿಸಿ ಆಮೇಲೆ ಗುರುತು ಹಾಕಬೇಕೋ? ಎರಡರ ನಡುವೆ ಕರೆಂಟು ಹೋದರೆ, ಮೊದಲ ಕ್ರಮದಲ್ಲಿ ಚೀಟಿ ಕಳೆದುಹೋಗುತ್ತದೆ, ಎರಡನೆಯದರಲ್ಲಿ ಅದೇ ಚೀಟಿ ಎರಡು ಸಲ ಹೋಗುತ್ತದೆ. ಕಳೆದದ್ದನ್ನು ಹುಡುಕುವುದು ಕಷ್ಟ, ಎರಡು ಸಲ ಬಂದದ್ದನ್ನು ಗುರುತಿಸುವುದು ಸುಲಭ. ಎರಡನೆಯ ಕ್ರಮವನ್ನೇ ಆರಿಸಿಕೊಳ್ಳಿ, ನಕಲುಗಳನ್ನು ಹಿಡಿಯುವ ಹೊಣೆಯನ್ನು ಪಡೆಯುವ ಕಡೆಗೆ ಕೊಡಿ. ಆರ್ಟೆಮಿಸ್‌ನಲ್ಲಿಯೇ ನಕಲು ಪತ್ತೆಮಾಡುವ ಸೌಲಭ್ಯವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಬಳಸಿರಿ. ಆದರೆ ಅದರ ನೆನಪು ಸೀಮಿತ ಸಂಖ್ಯೆಯ ಗುರುತುಗಳಷ್ಟೇ, ಆದ್ದರಿಂದ ಅದನ್ನೊಂದೇ ನೆಚ್ಚಿಕೊಳ್ಳಲಾಗದು.

5. ಮೆಸೇಜ್ ಡ್ರಿವನ್ ಬೀನ್ ಬರೆಯಿರಿ

ಬೀನ್ ಬರೆಯುವುದು ಅರ್ಧ ದಿನದ ಕೆಲಸ. ಅದನ್ನು ಸರಿಯಾಗಿ ಬರೆಯುವುದೇ ಈ ಇಡೀ ಯೋಜನೆಯ ಕಷ್ಟದ ಭಾಗ. ಯಾವ ಕ್ಯೂಗೆ ಕಿವಿಗೊಡಬೇಕು, ಅದು ಕ್ಯೂ ಬಗೆಯದೋ ಟಾಪಿಕ್ ಬಗೆಯದೋ ಎಂಬುದನ್ನು ಬೀನ್ ಮೇಲಿನ ಅನೊಟೇಶನ್‌ನಲ್ಲಿ (ಕೋಡಿನ ಮೇಲೆ ಬರೆಯುವ ಸೂಚನಾ ಸಾಲು) ಹೇಳಬೇಕು. ಟಾಪಿಕ್ ಎಂದರೆ ಒಂದೇ ಸಂದೇಶ ಹಲವರಿಗೆ ಹೋಗುವ ವ್ಯವಸ್ಥೆ. ನಮಗೆ ಇಲ್ಲಿ ಬೇಕಿರುವುದು ಕ್ಯೂ. 2020ರ ಜಕಾರ್ತಾ ಇಇ 9ರಿಂದ ಪ್ಯಾಕೇಜುಗಳ ಹೆಸರು ಜಾವಾಎಕ್ಸ್ ಎಂಬಲ್ಲಿಂದ ಜಕಾರ್ತಾ ಎಂದು ಬದಲಾಗಿದೆ. ಹಳೆಯ ಉದಾಹರಣೆಯನ್ನು ನಕಲು ಮಾಡಿ ಹೊಸ ಸರ್ವರಿನಲ್ಲಿ ಇಟ್ಟರೆ ಎಷ್ಟೋ ಸಲ ದೋಷವೇ ಕಾಣಿಸುವುದಿಲ್ಲ. ಬೀನ್ ಸುಮ್ಮನೆ ಹುಟ್ಟುವುದಿಲ್ಲ, ಕ್ಯೂ ತುಂಬುತ್ತ ಹೋಗುತ್ತದೆ. ಎಲ್ಲ ಸರಿಯಿದ್ದರೂ ಬೀನ್ ಓದುತ್ತಿಲ್ಲ ಎಂದು ಬರೆಯುವವರು ಮೊದಲು ನೋಡಬೇಕಾದದ್ದು ಇದನ್ನೇ.

ಟ್ರಾನ್ಸಾಕ್ಷನ್ ಎಂಬುದು ಆದರೆ ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಬಾರದು ಎಂಬ ಕರಾರಿನಿಂದ ಕಟ್ಟಿದ ಕೆಲಸಗಳ ಗಂಟು. ಆನ್‌ಮೆಸೇಜ್ ತಕರಾರಿಲ್ಲದೆ ಮುಗಿದರೆ ಸರ್ವರ್ ಸಂದೇಶವನ್ನು ಮುಟ್ಟಿತೆಂದು ದಾಖಲಿಸಿ ಕ್ಯೂನಿಂದ ತೆಗೆಯುತ್ತದೆ. ಟ್ರಾನ್ಸಾಕ್ಷನ್ ರದ್ದಾದರೆ ಸಂದೇಶ ಮತ್ತೆ ಕ್ಯೂಗೆ ಹೋಗಿ ಇನ್ನೊಮ್ಮೆ ಬರುತ್ತದೆ. ಆದ್ದರಿಂದ ದೋಷವನ್ನು ಹಿಡಿದು ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುವ ಅಭ್ಯಾಸ ಇಲ್ಲಿ ಪ್ರಾಣಾಂತಿಕ: ಸರ್ವರಿಗೆ ಎಲ್ಲವೂ ಸರಿಯಾಯಿತೆಂದೇ ತಿಳಿಯುತ್ತದೆ, ಚೀಟಿ ಹೋಗಿಯೇಬಿಡುತ್ತದೆ. ಕೆಲಸ ಆಗದಿದ್ದರೆ ದೋಷವನ್ನು ಹೊರಗೆ ಬಿಡಿ, ಅಥವಾ ಟ್ರಾನ್ಸಾಕ್ಷನ್ ರದ್ದಾಗಲಿ ಎಂದು ಸರ್ವರಿಗೆ ತಿಳಿಸುವ ಸೆಟ್ ರೋಲ್‌ಬ್ಯಾಕ್ ಓನ್ಲಿ ಕರೆದು ಹೊರಬನ್ನಿ.

ಬ್ರೋಕರ್ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ಗಂಟಿಗೆ ಕಟ್ಟುವ ವಿಧಾನಕ್ಕೆ ಎಕ್ಸ್‌ಎ ಎನ್ನುತ್ತಾರೆ. ಅದು ಸರಿಯಾದ ವಿಧಾನವೇ, ಆದರೆ ನಡುವೆ ಯಂತ್ರ ಬಿದ್ದಾಗ ಅತ್ತಲೂ ಇಲ್ಲದ ಇತ್ತಲೂ ಇಲ್ಲದ ಟ್ರಾನ್ಸಾಕ್ಷನ್‌ಗಳನ್ನು ಬಿಡಿಸಬಲ್ಲ ಅನುಭವಿಗಳು ಸ್ಥಳದಲ್ಲಿ ಬೇಕು. ಒಬ್ಬಿಬ್ಬರು ನೋಡಿಕೊಳ್ಳುವ ಗಿರಣಿಗೆ ನಾನು ಇದನ್ನು ಸೂಚಿಸುವುದಿಲ್ಲ. ಸಂದೇಶ ಎಷ್ಟು ಸಲ ಬಂದರೂ ಫಲ ಒಂದೇ ಸಲ ಬಂದಂತೆ ಇರಬೇಕು ಎಂಬ ನಡಾವಳಿ ಸಾಕು; ಇದಕ್ಕೆ ಐಡೆಂಪೊಟೆಂಟ್ ಎನ್ನುತ್ತಾರೆ. ಬಂದ ಚೀಟಿಗಳ ಗುರುತು ಮತ್ತು ಆವೃತ್ತಿಯನ್ನು ಇಡುವ ‘ಆವಕ’ ಎಂಬ ಟೇಬಲ್ ಮಾಡಿ, ಅದಕ್ಕೆ ಒಂದೇ ಗುರುತು ಮತ್ತು ಆವೃತ್ತಿ ಎರಡು ಸಲ ಸೇರದಂತೆ ತಡೆಯುವ ಯೂನಿಕ್ ನಿರ್ಬಂಧ ಹಾಕಿ, ಚೀಟಿಯ ದಾಖಲೆ ಬರೆಯುವ ಅದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ ಆವಕಕ್ಕೂ ಬರೆಯಿರಿ.

ಇಲ್ಲಿಯೂ ಒಂದು ಗುಂಡಿಯಿದೆ, ಬಹಳ ಜನ ಬಿದ್ದಿದ್ದಾರೆ. ನಕಲು ಬಂದಾಗ ಯೂನಿಕ್ ನಿರ್ಬಂಧ ಮುರಿದ ದೋಷ ಬರುತ್ತದೆ, ಅದನ್ನು ಹಿಡಿದು ನಕಲು ಎಂದು ತಿಳಿದು ಬಿಟ್ಟರಾಯಿತು ಎಂದು ಅವರು ಎಣಿಸುತ್ತಾರೆ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಆ ದೋಷ ಬಂದ ಕೂಡಲೇ ಇಡೀ ಟ್ರಾನ್ಸಾಕ್ಷನ್ ಕೆಟ್ಟಿರುತ್ತದೆ. ನೀವು ದೋಷವನ್ನು ನುಂಗಿದರೂ ಕೊನೆಯಲ್ಲಿ ಅದು ರದ್ದಾಗುತ್ತದೆ, ಸಂದೇಶ ಮತ್ತೆ ಬರುತ್ತದೆ, ಮತ್ತೆ ಅದೇ ದೋಷ. ನಿರುಪದ್ರವಿ ನಕಲು ಸುತ್ತಿ ಸುತ್ತಿ ಕೊನೆಗೆ ಕೆಟ್ಟ ಸಂದೇಶಗಳ ರಾಶಿಗೆ ಸೇರುತ್ತದೆ. ದೋಷ ಬರುವವರೆಗೆ ಕಾಯದೆ, ಇದ್ದರೆ ಏನೂ ಮಾಡಬೇಡ ಎಂಬ ಆನ್ ಕಾನ್‌ಫ್ಲಿಕ್ಟ್ ಷರತ್ತಿನ ಇನ್ಸರ್ಟ್ ಬಳಸಿ, ಎಷ್ಟು ಸಾಲು ಸೇರಿತು ಎಂದು ನೋಡಿ. ಸೊನ್ನೆಯಾಗಿದ್ದರೆ ಅದು ನಕಲು, ಅಲ್ಲಿಗೇ ಶಾಂತವಾಗಿ ಹಿಂದಿರುಗಿ.

ಟ್ರಾನ್ಸಾಕ್ಷನ್ ರದ್ದಾದರೂ ಹಿಂದಕ್ಕೆ ಬಾರದ ಕೆಲಸಗಳನ್ನು ಬೀನ್ ಒಳಗೆ ಇಡಬೇಡಿ. ನಾನೇ ಒಮ್ಮೆ ರೈತರಿಗೆ ಎಸ್ಸೆಮ್ಮೆಸ್ ಕಳಿಸುವ ಸಾಲನ್ನು ದಾಖಲೆ ಬರೆಯುವ ಸಾಲಿಗಿಂತ ಮೇಲೆ ಇಟ್ಟಿದ್ದೆ. ಡೇಟಾಬೇಸ್ ನಿಂತಿತ್ತು; ಒಂದೇ ಲೋಡಿಗೆ ಒಬ್ಬರಿಗೆ ಹತ್ತು ಎಸ್ಸೆಮ್ಮೆಸ್ ಹೋದವು. ಆರ್ಟೆಮಿಸ್ ಮೂಲತಃ ಹತ್ತು ಸಲ ಪ್ರಯತ್ನಿಸುತ್ತದೆ ಎಂಬುದು ನನಗೆ ಮರೆಯದಂತೆ ಆದದ್ದು ಹಾಗೆ. ಎಸ್ಸೆಮ್ಮೆಸ್, ಹೊರಗಿನ ವೆಬ್ ಸೇವೆ, ಮುದ್ರಣ ಇವುಗಳಿಗೆ ಬೇರೆ ಕ್ಯೂ, ಬೇರೆ ಬೀನ್ ಇರಲಿ.

ಕ್ರಮದ ಬಗ್ಗೆ ಒಂದು ಮಾತು. ಸರ್ವರ್ ಒಂದೇ ಬೀನಿನ ಹಲವು ಪ್ರತಿಗಳನ್ನು ಒಟ್ಟಿಗೆ ಓಡಿಸುವುದರಿಂದ ‘ತಿದ್ದಿದ್ದು’ ಎಂಬ ಸಂದೇಶ ‘ಪೂರ್ಣಗೊಂಡದ್ದು’ ಎಂಬುದಕ್ಕಿಂತ ಮೊದಲು ಮುಗಿಯಬಹುದು. ಒಂದೇ ಚೀಟಿಯ ಸಂದೇಶಗಳಿಗೆ ಒಂದೇ ಗುಂಪು ಗುರುತು ಕೊಟ್ಟರೆ ಬ್ರೋಕರ್ ಅವುಗಳನ್ನು ಒಬ್ಬರಿಗೇ ಸಾಲಾಗಿ ಕೊಡುತ್ತದೆ. ಅದರ ಜೊತೆಗೆ, ಈಗಿರುವುದಕ್ಕಿಂತ ಹಳೆಯ ಆವೃತ್ತಿ ಬಂದರೆ ದಾಖಲೆಯನ್ನು ಬದಲಾಯಿಸಬೇಡ ಎಂಬ ಪರಿಶೀಲನೆಯನ್ನೂ ಬರೆದಿಡಿ. ಬೀನ್ ಒಳಗೆ ಸ್ವಂತ ಥ್ರೆಡ್ (ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಎಳೆ) ಹುಟ್ಟಿಸಬಾರದು. ಇಜೆಬಿ ನಿಯಮವೇ ಅದನ್ನು ಒಪ್ಪುವುದಿಲ್ಲ.

6. ಕೆಟ್ಟ ಸಂದೇಶಗಳಿಗೆ ಜಾಗ ಮಾಡಿ

ಹಲವು ಸಲ ಪ್ರಯತ್ನಿಸಿಯೂ ಸಾಗದ ಸಂದೇಶವನ್ನು ಬ್ರೋಕರ್ ಬದಿಗಿಡುವ ಕ್ಯೂಗೆ ಡೆಡ್ ಲೆಟರ್ ಕ್ಯೂ ಎನ್ನುತ್ತಾರೆ. ವಿಳಾಸ ಸಿಗದ ಅಂಚೆಯನ್ನು ಎತ್ತಿಡುವ ಕಪಾಟಿದ್ದಂತೆ. ನಿಮ್ಮ ಕ್ಯೂಗೆ ಇದನ್ನು ಗೊತ್ತುಮಾಡಲಾಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಗೊತ್ತುಮಾಡದಿದ್ದರೆ ಹತ್ತನೆಯ ಪ್ರಯತ್ನದ ನಂತರ ಆರ್ಟೆಮಿಸ್ ಸಂದೇಶವನ್ನು ಎಸೆದುಬಿಡುತ್ತದೆ.

ಪ್ರಯತ್ನಗಳ ನಡುವಿನ ಅಂತರವೂ ಮೂಲತಃ ಸೊನ್ನೆ. ಡೇಟಾಬೇಸ್ ಎರಡು ನಿಮಿಷ ನಿಂತರೆ ಹತ್ತು ಪ್ರಯತ್ನಗಳೂ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿದು, ಒಳ್ಳೆಯ ಸಂದೇಶಗಳೆಲ್ಲ ಕೆಟ್ಟವುಗಳ ಕಪಾಟಿಗೆ ಹೋಗುತ್ತವೆ. ಮೊದಲು ಐದು ಸೆಕೆಂಡು, ಆಮೇಲೆ ಪ್ರತಿ ಸಲ ದುಪ್ಪಟ್ಟಾಗುತ್ತ ಹೆಚ್ಚೆಂದರೆ ಹತ್ತು ನಿಮಿಷ ಎಂಬಂತೆ ಅಂತರ ಕೊಡಿ. ಊರು ಸಂಕೇತವೇ ಇಲ್ಲದ, ತೂಕ ಋಣವಾಗಿರುವ ಸಂದೇಶ ಎಷ್ಟು ಸಲ ಪ್ರಯತ್ನಿಸಿದರೂ ಸರಿಯಾಗುವುದಿಲ್ಲ; ಅಂಥದನ್ನು ಬೀನ್ ತಾನೇ ಕಾರಣ ಸಮೇತ ‘ತಿರಸ್ಕೃತ’ ಎಂಬ ಟೇಬಲಿಗೆ ಬರೆದು, ಸಂದೇಶವನ್ನು ಮುಗಿಸಲಿ. ಡೆಡ್ ಲೆಟರ್ ಕ್ಯೂವನ್ನು ಪ್ರತಿದಿನ ಬೆಳಿಗ್ಗೆ ಯಾರು ನೋಡಬೇಕು ಎಂಬುದನ್ನು ಒಬ್ಬರ ಹೆಸರು ಹಿಡಿದು ನಿಗದಿ ಮಾಡಿ. ಎಲ್ಲರೂ ನೋಡುತ್ತಾರೆ ಎಂದರೆ ಯಾರೂ ನೋಡುವುದಿಲ್ಲ.

7. ಉತ್ತರ ಹಿಂದಕ್ಕೆ ಬೇಕಿದ್ದರೆ

ಪಾವತಿ ಆಯಿತೇ ಎಂಬುದು ಕಾಟಾ ಕೋಣೆಗೂ ತಿಳಿಯಬೇಕೆಂದು ಕೆಲವರು ಕೇಳುತ್ತಾರೆ. ಉತ್ತರದ ಕ್ಯೂ ಬೇರೆ ಇರಲಿ, ಉತ್ತರದ ಸಂದೇಶದಲ್ಲಿ ಕೋರಿಲೇಶನ್ ಐಡಿ ಎಂಬ ಜಾಗದಲ್ಲಿ ಚೀಟಿಯ ಗುರುತು ಇರಲಿ. ಬೀನ್ ಒಳಗಿನಿಂದ ಪ್ರಶ್ನೆ ಕಳಿಸಿ ಅಲ್ಲಿಯೇ ಉತ್ತರಕ್ಕೆ ಕಾಯುತ್ತ ನಿಲ್ಲಬೇಡಿ: ಟ್ರಾನ್ಸಾಕ್ಷನ್ ಮುಗಿಯುವವರೆಗೆ ನಿಮ್ಮ ಪ್ರಶ್ನೆ ಬ್ರೋಕರ್‌ನಿಂದ ಹೊರಗೇ ಹೋಗಿರುವುದಿಲ್ಲ, ಪ್ರಶ್ನೆಯೇ ಹೋಗದಿದ್ದ ಮೇಲೆ ಉತ್ತರ ಎಲ್ಲಿಂದ ಬರಬೇಕು? ಡಿಬಿಎಫ್‌ಗೆ ಹೊರಗಿನಿಂದ ಬರೆಯುವ ಸಾಹಸವೂ ಬೇಡ. ಇಂಡೆಕ್ಸ್ ಕಡತ ಹೊಂದಿಕೆ ತಪ್ಪಿ ಹಳೆಯ ಪ್ರೋಗ್ರಾಂ ನಿಲ್ಲುತ್ತದೆ. ಪಾವತಿ ಪಟ್ಟಿಯನ್ನು ಕಾಟಾ ಕೋಣೆಯಲ್ಲಿ ತೆರೆಯಬಹುದಾದ ಒಂದು ಸರಳ ಪುಟದಲ್ಲಿ ತೋರಿಸಿದರೆ ಸಾಕಾಗುತ್ತದೆ.

8. ಬೀಳಿಸಿ ನೋಡಿ, ಆಮೇಲೆ ಬದಲಾಯಿಸಿ

ಮುಂಗಾರು ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಗಿರಣಿಗೆ ಬರುತ್ತದೆ. ಆ ದಿನಗಳಲ್ಲಿ ಏನನ್ನೂ ಹೊಸದಾಗಿ ಆರಂಭಿಸಬೇಡಿ. ಆವಕ ಕಡಿಮೆಯಿರುವ ತಿಂಗಳುಗಳಲ್ಲಿಯೇ ಪರೀಕ್ಷೆ ಮುಗಿಯಬೇಕು. ಬ್ರೋಕರ್ ಓಡುತ್ತಿರುವಾಗ ಅದರ ವಿದ್ಯುತ್ ತಂತಿ ಎಳೆಯಿರಿ. ಡೇಟಾಬೇಸನ್ನು ಅರ್ಧ ಗಂಟೆ ನಿಲ್ಲಿಸಿ. ಅಡಾಪ್ಟರ್ ಕಳಿಸುತ್ತಿರುವಾಗಲೇ ಅದನ್ನು ಕೊಲ್ಲಿರಿ. ಅದರ ಖಾತೆಯನ್ನು ಅಳಿಸಿ ಒಂದು ವಾರದ ಚೀಟಿಗಳನ್ನೆಲ್ಲ ಮತ್ತೆ ಕಳಿಸಿ. ಹೊಸ ತಂತ್ರಾಂಶದಲ್ಲಿ ಒಂದು ಕಿಲೋ ಕೂಡ ಹೆಚ್ಚಾಗಬಾರದು.

ನಂತರ ಕನಿಷ್ಠ ಒಂದು ತಿಂಗಳು ಕೈಯಿಂದ ಟೈಪ್ ಮಾಡುವುದೂ ಕ್ಯೂನಿಂದ ಬರುವುದೂ ಎರಡೂ ನಡೆಯಲಿ. ಪ್ರತಿದಿನ ಸಂಜೆ ಹಳೆಯ ಕಡೆಯ ಚೀಟಿಗಳ ಸಂಖ್ಯೆ ಮತ್ತು ಒಟ್ಟು ಕಿಲೋ, ಹೊಸ ಕಡೆಯ ಚೀಟಿಗಳ ಸಂಖ್ಯೆ ಮತ್ತು ಒಟ್ಟು ಕಿಲೋ ಇವುಗಳನ್ನು ತಾಳೆ ನೋಡುವ ವರದಿಯೊಂದು ತಾನಾಗಿಯೇ ಹೊರಡುವಂತೆ ಮಾಡಿ. ಸಂಖ್ಯೆ ಮಾತ್ರ ತಾಳೆಯಾದರೆ ಸಾಲದು: ಒಂದು ಕಳೆದು ಇನ್ನೊಂದು ಎರಡು ಸಲ ಬಂದಿದ್ದರೂ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಕಿಲೋ ಮಾತ್ರ ಸುಳ್ಳು ಹೇಳುವುದಿಲ್ಲ. ಕೈಟೈಪಿಂಗ್ ನಿಲ್ಲಿಸಿದ ಮೇಲೆಯೂ ಈ ವರದಿಯನ್ನು ನಿಲ್ಲಿಸಬೇಡಿ.

ಮೊದಲ ವರ್ಷದ ಮಾರ್ಚ್ 31ರ ರಾತ್ರಿ ನೀವೇ ಸ್ಥಳದಲ್ಲಿರಿ. 31ರ ಸಂಜೆ ಭರ್ತಿ ತೂಕವಾಗಿ ಏಪ್ರಿಲ್ 1ರ ಬೆಳಿಗ್ಗೆ ಖಾಲಿ ತೂಕವಾಗುವ ಲಾರಿ ಒಂದಾದರೂ ಇದ್ದೇ ಇರುತ್ತದೆ. ಅದರ ಗುರುತಿನಲ್ಲಿ ಯಾವ ಆರ್ಥಿಕ ವರ್ಷ ಸೇರಬೇಕು ಎಂಬುದನ್ನು, ಅಂದರೆ ಚೀಟಿ ಸಂಖ್ಯೆ ಹುಟ್ಟಿದ ಭರ್ತಿ ತೂಕದ ದಿನಾಂಕವನ್ನೇ ಹಿಡಿಯಬೇಕು ಎಂಬುದನ್ನು, ಗುಮಾಸ್ತರಿಗೂ ಲೆಕ್ಕಿಗರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಿ.